ಉಪ್ಪು, ಸಕ್ಕರೆ, ಮೇಣ: ಅಯಾನಿಕ ಮತ್ತು ಸಹವೇಲೆನ್ಸೀಯ ಸಂಯುಕ್ತಗಳನ್ನು ಪ್ರಯೋಗ ಮಾಡಿ ಹೋಲಿಸುವುದು ಹೇಗೆ

ರಸಾಯನಶಾಸ್ತ್ರದ ಪಾಠದಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಎಡಗಡೆ ಅಯಾನಿಕ, ಬಲಗಡೆ ಸಹವೇಲೆನ್ಸೀಯ. ಒಂದರ ದ್ರವನ ಬಿಂದು ಜಾಸ್ತಿ, ಇನ್ನೊಂದರದ್ದು ಕಡಿಮೆ. ಒಂದು ನೀರಲ್ಲಿ ಕರಗುತ್ತದೆ, ಇನ್ನೊಂದು ಕರಗುವುದಿಲ್ಲ. ಒಂದು ವಿದ್ಯುತ್ ಹರಿಸುತ್ತದೆ, ಇನ್ನೊಂದು ಹರಿಸುವುದಿಲ್ಲ. ಉರು ಹೊಡೆದರೆ ಅಂಕವೇನೋ ಬರುತ್ತದೆ. ಆದರೆ ಅದೇ ಪಟ್ಟಿ ಹಿಡಿದುಕೊಂಡು ಪ್ರಯೋಗಕ್ಕೆ ಕೂತರೆ ಎರಡನೇ ಸಾಲಿನಲ್ಲೇ ಮುಗ್ಗರಿಸುತ್ತೀರಿ. ಸಕ್ಕರೆ ಸಹವೇಲೆನ್ಸೀಯ. ಆದರೂ ನೀರಿನಲ್ಲಿ ಉಪ್ಪಿಗಿಂತ ಎಷ್ಟೋ ಜಾಸ್ತಿ ಕರಗುತ್ತದೆ!

ಪಟ್ಟಿ ಪೂರ್ತಿ ಸುಳ್ಳು ಅಂತಲ್ಲ. ಯಾವುದೇ ಒಂದು ಸಾಲನ್ನು ಮಾತ್ರ ನಂಬಿ ತೀರ್ಪು ಕೊಡಬಾರದು, ಅಷ್ಟೇ. ಅದಕ್ಕೇ ಇಲ್ಲಿ ಒಂದೇ ವಸ್ತುವನ್ನು ನಾಲ್ಕು ಕಡೆಯಿಂದ ಪರೀಕ್ಷೆ ಮಾಡುತ್ತೇವೆ. ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ಓದುತ್ತೇವೆ.

ಬಂಧದ ಬಗ್ಗೆ ಬೇಕಾದಷ್ಟು ಮಾತ್ರ

ಸೋಡಿಯಂ ಪರಮಾಣು ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಕ್ಲೋರಿನ್ ಅದನ್ನು ತೆಗೆದುಕೊಳ್ಳುತ್ತದೆ. ಒಂದು ಧನ ಅಯಾನು, ಒಂದು ಋಣ ಅಯಾನು. ಅಯಾನು ಅಂದರೆ ವಿದ್ಯುತ್ ಆವೇಶ ಇರುವ ಕಣ; ಧನ-ಋಣಗಳ ಈ ಸೆಳೆತವೇ ಅಯಾನಿಕ ಬಂಧ. ಉಪ್ಪಿನ ಹರಳಿನಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ಇಲ್ಲಿ ಬಿಡಿ ಅಣು ಅಂತ ಯಾವುದೂ ಇಲ್ಲ. ಹರಳಿನ ತುಂಬ ಒಂದೇ ಜೋಡಣೆ. 1913ರಲ್ಲಿ ಭೌತವಿಜ್ಞಾನಿಗಳಾದ ಬ್ರ್ಯಾಗ್ ತಂದೆ-ಮಗ ಎಕ್ಸ್-ಕಿರಣ ಹಾಯಿಸಿ ಇದನ್ನೇ ತೋರಿಸಿದರು. 1915ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂತು.

ಸಕ್ಕರೆಯ ಕಥೆ ಬೇರೆ. 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್ ಪರಮಾಣುಗಳು ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡು ಒಂದು ಅಣು ಆಗಿವೆ. ಹೀಗೆ ಹಂಚಿಕೊಂಡು ಆಗುವುದೇ ಸಹವೇಲೆನ್ಸೀಯ ಬಂಧ. ಅಣುವಿನ ಒಳಗಿನ ಬಂಧ ಗಟ್ಟಿ. ಅಣು ಅಣುವಿನ ನಡುವಿನ ಸೆಳೆತ ಮಾತ್ರ ಅದಕ್ಕಿಂತ ತುಂಬಾ ಕಡಿಮೆ.

ಈ ಕೊನೆಯ ಎರಡು ವಾಕ್ಯ ನೆನಪಿರಲಿ. 'ಸಹವೇಲೆನ್ಸೀಯ ಬಂಧ ದುರ್ಬಲ, ಅದಕ್ಕೇ ಬಿಸಿಗೆ ಬೇಗ ಕರಗುತ್ತದೆ' ಅಂತ ಬರೆಯುವವರು ಈಗಲೂ ಬಹಳ ಜನ. ಅದು ತಪ್ಪು. ಮೇಣ ಕರಗಿದಾಗ ಅದರ ಒಂದು ಕಾರ್ಬನ್-ಹೈಡ್ರೋಜನ್ ಬಂಧವೂ ಮುರಿಯುವುದಿಲ್ಲ. ಅಣುಗಳು ಒಂದರಿಂದ ಒಂದು ಬಿಡಿಸಿಕೊಂಡು ಜಾರಾಡುತ್ತವೆ, ಅಷ್ಟೇ. ವಜ್ರದಲ್ಲಿ ಇರುವುದೂ ಬರೀ ಸಹವೇಲೆನ್ಸೀಯ ಬಂಧವೇ. ಅದು ದುರ್ಬಲ ಅಂತ ಯಾರಾದರೂ ಹೇಳುತ್ತಾರಾ?

ಏನೇನು ಬೇಕು

ಪರೀಕ್ಷೆಗೆ ಅಡುಗೆ ಉಪ್ಪು, ಪೊಟ್ಯಾಸಿಯಂ ಕ್ಲೋರೈಡ್, ಸಕ್ಕರೆ, ಮೇಣದ ಬತ್ತಿಯ ತುಂಡು. ಕೊನೆಯಲ್ಲಿ ಸ್ವಲ್ಪ ಸಿಟ್ರಿಕ್ ಆಮ್ಲದ ಪುಡಿ ಬೇಕಾಗುತ್ತದೆ. ನೀರು ಇಲ್ಲದ, ಒಣ ಬಗೆಯದ್ದೇ ಇರಲಿ. ಯೂರಿಯಾ ಸಿಕ್ಕರೆ ಅದೂ ಒಳ್ಳೆಯ ಮಾದರಿ.

ಡಿಸ್ಟಿಲ್ಡ್ ವಾಟರ್ ಬೇಕೇ ಬೇಕು. ನಲ್ಲಿ ನೀರಲ್ಲಿ ಮಾಡಿದರೆ ವಿದ್ಯುತ್ ಪರೀಕ್ಷೆ ಹಾಳಾಗುತ್ತದೆ.

ಉಳಿದದ್ದು: ನಾಲ್ಕೈದು ಚಿಕ್ಕ ಬೀಕರ್, ಟೆಸ್ಟ್ ಟ್ಯೂಬ್‌ಗಳು, ಬಣ್ಣ ಬಳಿಯದ ಸ್ಟೀಲ್ ಮುಚ್ಚಳ, ತ್ರಿಪಾದಿ ಸ್ಟ್ಯಾಂಡ್, ಬರ್ನರ್, ಇಕ್ಕಳ, ಭೂತಗನ್ನಡಿ, ಖಾದ್ಯ ತೈಲ. ಸರ್ಕ್ಯೂಟಿಗೆ 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್, ಕ್ಲಿಪ್ ಇರುವ ವೈರುಗಳು, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್. ಮಲ್ಟಿಮೀಟರ್ ಇದ್ದರೆ ಇನ್ನೂ ಚೆನ್ನ.

ಕಣ್ಣಿಗೆ ಸುರಕ್ಷತಾ ಕನ್ನಡಕ ಹಾಕಿಕೊಳ್ಳಿ. ಗೋಡೆಯ ಪ್ಲಗ್ಗಿನ ಕರೆಂಟನ್ನು ಈ ಪ್ರಯೋಗಕ್ಕೆ ಯಾವತ್ತೂ ಬಳಸಬೇಡಿ. ಕರಗಿದ ಸಕ್ಕರೆ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ, ಕುದಿನೀರಿಗಿಂತ ಕೆಟ್ಟದಾಗಿ ಸುಡುತ್ತದೆ. ಮಕ್ಕಳು ಮಾಡುತ್ತಿದ್ದರೆ ಬಿಸಿಯ ಕೆಲಸಕ್ಕೆ ದೊಡ್ಡವರು ಪಕ್ಕದಲ್ಲೇ ಇರಲಿ. ಪರೀಕ್ಷೆ ಮಾಡಿದ ಯಾವುದನ್ನೂ ಬಾಯಿಗೆ ಹಾಕಬೇಡಿ, ಸಕ್ಕರೆ ಆದರೂ ಸರಿ.

ಮೊದಲ ಪ್ರಯೋಗ: ಹರಳನ್ನು ನೋಡಿ, ಒಡೆದು ನೋಡಿ

ಕಪ್ಪು ಕಾಗದದ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿ ಭೂತಗನ್ನಡಿಯಲ್ಲಿ ನೋಡಿ. ಪುಟ್ಟ ಪುಟ್ಟ ಘನಗಳು. ಮೂಲೆ ಸವೆದಿದ್ದರೂ ಚೌಕಾಕಾರ ಗೊತ್ತಾಗುತ್ತದೆ. ಅಯಾನುಗಳು ಒಳಗೆ ಹೇಗೆ ಕೂತಿವೆಯೋ ಹೊರಗಿನ ಆಕಾರವೂ ಹಾಗೆ.

ದೊಡ್ಡ ಕಲ್ಲುಪ್ಪಿನ ಹರಳು ಸಿಕ್ಕರೆ ಅದರ ಒಂದು ಮುಖಕ್ಕೆ ಸಮಾನಾಂತರವಾಗಿ ಚಾಕುವಿನ ಅಲಗು ಇಟ್ಟು ಮೇಲಿಂದ ಮೆಲ್ಲಗೆ ತಟ್ಟಿ. ಹರಳು ಸೀಳಿಕೊಂಡು ನುಣುಪಾದ ಮುಖ ಕಾಣುತ್ತದೆ. ಅಯಾನುಗಳು ಚದುರಂಗದ ಮಣೆಯ ಕಪ್ಪು-ಬಿಳಿ ಮನೆಗಳ ಹಾಗೆ ಒಂದು ಬಿಟ್ಟು ಒಂದು ಕೂತಿರುತ್ತವೆ. ಪೆಟ್ಟು ಬಿದ್ದು ಒಂದು ಪದರ ಒಂದು ಮನೆಯಷ್ಟು ಸರಿದರೆ ಸಾಕು, ಧನದ ಎದುರು ಧನ, ಋಣದ ಎದುರು ಋಣ ಬರುತ್ತದೆ. ಎರಡೂ ಪದರ ಒಂದನ್ನೊಂದು ತಳ್ಳುತ್ತವೆ.

ಮೇಣವನ್ನು ಉಗುರಿನಿಂದ ಗೀರಿ. ಗೀರು ಬೀಳುತ್ತದೆ, ಬೆರಳ ಬಿಸಿಗೆ ಮೆತ್ತಗಾಗುತ್ತದೆ, ಬಗ್ಗುತ್ತದೆ. ಆದರೆ ಸಕ್ಕರೆ ಹರಳು ಒತ್ತಿದರೆ ಅದೂ ಪಟ್ ಅಂತ ಒಡೆಯುತ್ತದೆ. ಅಂದರೆ 'ಒಡೆಯುತ್ತದೆ, ಆದ್ದರಿಂದ ಅಯಾನಿಕ' ಅನ್ನುವ ಹಾಗಿಲ್ಲ. ಕಂಡಿದ್ದನ್ನು ಬರೆದಿಟ್ಟುಕೊಂಡು ಮುಂದಕ್ಕೆ ಹೋಗಿ.

ಎರಡನೇ ಪ್ರಯೋಗ: ಬಿಸಿ

ಇದನ್ನು ಎರಡು ಹಂತದಲ್ಲಿ ಮಾಡಿ. ಮೇಣವನ್ನು ಬೆಂಕಿಯ ಮೇಲೆ ನೇರ ಇಡಬಾರದು, ಹೊತ್ತಿಕೊಳ್ಳಬಹುದು.

ಮೊದಲ ಹಂತಕ್ಕೆ ಬಿಸಿನೀರು ಸಾಕು. ಮೂರು ಒಣ ಟೆಸ್ಟ್ ಟ್ಯೂಬ್‌ಗಳಲ್ಲಿ ಬೇರೆ ಬೇರೆಯಾಗಿ ಉಪ್ಪು, ಸಕ್ಕರೆ, ಮೇಣದ ಚೂರು ಹಾಕಿ. ಹೆಚ್ಚುಕಡಿಮೆ ಒಂದೇ ಅಳತೆ ಇರಲಿ. ಮೂರನ್ನೂ ಕುದಿಯಲು ಬಂದ ನೀರಿನ ಬೀಕರಿನಲ್ಲಿ ಒಟ್ಟಿಗೆ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ಮೇಣ ಅಂಚಿನಿಂದ ಪಾರದರ್ಶಕವಾಗಿ ಕರಗಿ ತಳ ಸೇರುತ್ತದೆ. ಪ್ಯಾರಾಫಿನ್ ಮೇಣ ಸಾಮಾನ್ಯವಾಗಿ 46ರಿಂದ 68 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗುತ್ತದೆ. ಉಳಿದ ಎರಡು ಟ್ಯೂಬ್‌ಗಳಲ್ಲಿ ಏನೂ ಆಗಿರುವುದಿಲ್ಲ.

ಎರಡನೇ ಹಂತಕ್ಕೆ ಸ್ಟೀಲ್ ಮುಚ್ಚಳ. ಅದನ್ನು ತ್ರಿಪಾದಿಯ ಮೇಲೆ ಇಡಿ. ನಡುವಿನಿಂದ ಸಮ ದೂರದಲ್ಲಿ ಒಂದು ಕಡೆ ಉಪ್ಪು, ಒಂದು ಕಡೆ ಪೊಟ್ಯಾಸಿಯಂ ಕ್ಲೋರೈಡ್, ಒಂದು ಕಡೆ ಸಕ್ಕರೆ ಹಾಕಿ. ಕಾಳು ಮೆಣಸಿನಷ್ಟು ಗುಡ್ಡೆ ಸಾಕು. ಉರಿ ಸರಿಯಾಗಿ ನಡುವಿಗೆ ಬರಲಿ. ಒಂದು ಬದಿಗೆ ಸರಿದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಈಗ ಕಣ್ಣು ಅಲ್ಲೇ ಇರಲಿ. ಸಕ್ಕರೆಯ ಅಂಚು ಮೊದಲು ತೇವ ಆದ ಹಾಗೆ ಹೊಳೆಯುತ್ತದೆ. ಆಮೇಲೆ ಹರಳುಗಳು ಕುಸಿದು ಬಣ್ಣವಿಲ್ಲದ ಅಂಟು ದ್ರವ ಆಗುತ್ತದೆ. ನೋಡನೋಡುತ್ತಲೇ ಹಳದಿ, ಜೇನಿನ ಬಣ್ಣ, ಕಂದು. ಗುಳ್ಳೆ ಏಳುತ್ತದೆ, ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಕಪ್ಪು ಇದ್ದಿಲು. ಸಕ್ಕರೆಯ ದ್ರವನ ಬಿಂದು 186 ಡಿಗ್ರಿ ಆಸುಪಾಸು ಅಂತ ಬರೆಯುತ್ತಾರೆ. ಆದರೆ ಅದು ಕರಗುತ್ತಲೇ ವಿಭಜನೆಯೂ ಆಗುತ್ತಿರುತ್ತದೆ. ಕಂದು ಬಣ್ಣ ಬಂತು ಅಂದರೆ ಅಣುವಿನ ಒಳಗಿನ ಬಂಧಗಳೂ ಮುರಿಯತೊಡಗಿವೆ ಅಂತ. 'ಬರೀ ಕರಗುವುದು' ಹೇಗಿರುತ್ತದೆ ಅಂತ ತೋರಿಸುವುದಕ್ಕೆ ಮೇಣವೇ ಒಳ್ಳೆಯದು. ತಣಿದರೆ ಅದೇ ಮೇಣ ವಾಪಸ್ ಸಿಗುತ್ತದೆ.

ಅತ್ತ ಉಪ್ಪು? ಚಟಪಟ ಸದ್ದು ಮಾಡಿ ಒಂದೆರಡು ಹರಳು ಹಾರಬಹುದು. ಹರಳಿನ ಒಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಸಿಡಿಯುವ ಸದ್ದು ಅದು. ಕನ್ನಡಕ ಹಾಕಿ ಅಂದಿದ್ದು ಇದಕ್ಕೇ. ಅದು ಬಿಟ್ಟರೆ ಉಪ್ಪು ಬೆಳ್ಳಗೆ ಸುಮ್ಮನೆ ಕೂತಿರುತ್ತದೆ. ಅದರ ದ್ರವನ ಬಿಂದು 801 ಡಿಗ್ರಿ. ಪೊಟ್ಯಾಸಿಯಂ ಕ್ಲೋರೈಡಿನದ್ದು ಸುಮಾರು 770. ನಿಮ್ಮ ಮುಚ್ಚಳ ಅಷ್ಟು ಕಾಯುವುದಿಲ್ಲ, ಕಾಯಿಸುವುದೂ ಬೇಡ. ಉಪ್ಪಿನ ಕಣ ಉರಿಗೆ ಬಿದ್ದು ಜ್ವಾಲೆ ಹಳದಿಯಾದರೆ ಉಪ್ಪು ಹೊತ್ತಿ ಉರಿಯಿತು ಅಂದುಕೊಳ್ಳಬೇಡಿ. ಅದು ಬಿಸಿಯಾದ ಸೋಡಿಯಂ ಸೂಸುವ ಬೆಳಕು.

ಒಂದು ಎಚ್ಚರಿಕೆ. ಅಯಾನಿಕ ಮಾದರಿ ಅಂತ ಮೆಗ್ನೀಷಿಯಂ ಸಲ್ಫೇಟ್ ಹರಳನ್ನು ಇಟ್ಟರೆ ಮೋಸ ಹೋಗುತ್ತೀರಿ. ಅದರ ಹರಳಿನಲ್ಲಿ ಪ್ರತಿ ಘಟಕಕ್ಕೆ ಏಳು ನೀರಿನ ಅಣು ಸೇರಿಕೊಂಡಿರುತ್ತವೆ. ಬಿಸಿ ಮಾಡಿದರೆ ಆ ನೀರು ಬಿಟ್ಟುಕೊಂಡು, ಆ ನೀರಲ್ಲೇ ತಾನು ಕರಗಿ, ಬೇಗ ದ್ರವವಾದ ಹಾಗೆ ಕಾಣುತ್ತದೆ. ಅಡುಗೆ ಸೋಡಾವೂ ಬೇಡ. ಅದು ಅಯಾನಿಕವೇ, ಆದರೆ ಕರಗುವ ಮೊದಲೇ ವಿಭಜನೆಯಾಗಿ ಸೋಡಿಯಂ ಕಾರ್ಬೊನೇಟ್ ಆಗುತ್ತದೆ.

ಮೂರನೇ ಪ್ರಯೋಗ: ಯಾವುದರಲ್ಲಿ ಕರಗುತ್ತದೆ?

ಉರಿ ಪೂರ್ತಿ ಆರಿಸಿದ ಮೇಲೆ ಇದನ್ನು ಶುರು ಮಾಡಿ. ಆರು ಟೆಸ್ಟ್ ಟ್ಯೂಬ್ ತೆಗೆದುಕೊಳ್ಳಿ. ಮೂರರಲ್ಲಿ 5 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್, ಮೂರರಲ್ಲಿ 5 ಮಿಲಿಲೀಟರ್ ತೈಲ. ಒಂದು ನೀರು, ಒಂದು ತೈಲ ಹೀಗೆ ಜೋಡಿ ಮಾಡಿ. ಒಂದು ಜೋಡಿಗೆ ಉಪ್ಪು, ಒಂದಕ್ಕೆ ಸಕ್ಕರೆ, ಒಂದಕ್ಕೆ ತುರಿದ ಮೇಣ, ಪ್ರತಿ ಟ್ಯೂಬಿಗೂ ಅರ್ಧ ಗ್ರಾಂನಷ್ಟು ಹಾಕಿ ಚೆನ್ನಾಗಿ ಅಲ್ಲಾಡಿಸಿ. ಶಾಲೆಯ ಪ್ರಯೋಗಾಲಯದಲ್ಲಿ ತೈಲದ ಬದಲು ಸೀಮೆಎಣ್ಣೆ ಬಳಸಬಹುದು. ಮೇಣ ಅದರಲ್ಲಿ ಇನ್ನೂ ಚೆನ್ನಾಗಿ ಕರಗುತ್ತದೆ. ಆದರೆ ಅದನ್ನು ಸಿಂಕಿಗೆ ಸುರಿಯಬೇಡಿ.

ಉಪ್ಪು ನೀರಲ್ಲಿ ಕರಗುತ್ತದೆ, ತೈಲದಲ್ಲಿ ತಳ ಹಿಡಿಯುತ್ತದೆ. ಮೇಣ ನೀರಲ್ಲಿ ತೇಲುತ್ತದೆ. ತೈಲವನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದರೆ ಅದರಲ್ಲಿ ಬೆರೆತು ಹೋಗುತ್ತದೆ. ಇಲ್ಲಿಯವರೆಗೆ ಪಟ್ಟಿ ಹೇಳಿದ ಹಾಗೆಯೇ ಇದೆ. ಸಕ್ಕರೆ ಮಾತ್ರ ಉಪ್ಪಿನ ದಾರಿ ಹಿಡಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ 100 ಮಿಲಿಲೀಟರ್ ನೀರಿಗೆ ಉಪ್ಪು ಸುಮಾರು 36 ಗ್ರಾಂ ಕರಗಿದರೆ, ಸಕ್ಕರೆ ಸುಮಾರು 200 ಗ್ರಾಂ ಕರಗುತ್ತದೆ.

ಯಾಕೆ ಹೀಗೆ? ನೀರಿನ ಅಣುವಿನಲ್ಲಿ ಆಕ್ಸಿಜನ್ ಬದಿ ಸ್ವಲ್ಪ ಋಣ, ಹೈಡ್ರೋಜನ್ ಬದಿ ಸ್ವಲ್ಪ ಧನ. ಇಂಥದ್ದಕ್ಕೆ ಧ್ರುವೀಯ ಅನ್ನುತ್ತಾರೆ. ಉಪ್ಪಿನ ಅಯಾನುಗಳನ್ನು ಅದು ಸುತ್ತುವರಿದು ಹರಳಿನಿಂದ ಎಳೆದುಕೊಳ್ಳುತ್ತದೆ. ಸಕ್ಕರೆ ಅಣುವಿನಲ್ಲಿ ಎಂಟು ಹೈಡ್ರಾಕ್ಸಿಲ್ ಗುಂಪುಗಳಿವೆ (ಆಕ್ಸಿಜನ್-ಹೈಡ್ರೋಜನ್ ಜೋಡಿಗಳು). ಅವುಗಳ ಜೊತೆ ನೀರು ಹೈಡ್ರೋಜನ್ ಬಂಧ ಮಾಡಿಕೊಳ್ಳುತ್ತದೆ. ಮೇಣದಲ್ಲಿ ಹಿಡಿದುಕೊಳ್ಳಲು ಅಂಥ ಜಾಗವೇ ಇಲ್ಲ. ಹಾಗಾಗಿ ಈ ಪರೀಕ್ಷೆ ಹೇಳುವುದು ಧ್ರುವೀಯವೋ ಅಲ್ಲವೋ ಅಂತ. ಅಯಾನಿಕವೋ ಅಲ್ಲವೋ ಅಂತ ಅಲ್ಲ.

ಇದರ ತಿರುವುಮುರುವೂ ಇದೆ. ಕ್ಯಾಲ್ಸಿಯಂ ಕಾರ್ಬೊನೇಟ್, ಬೇರಿಯಂ ಸಲ್ಫೇಟ್, ಸಿಲ್ವರ್ ಕ್ಲೋರೈಡ್ ಇವೆಲ್ಲ ಅಯಾನಿಕ. ಆದರೆ ನೀರಲ್ಲಿ ಕರಗಿವೆ ಅಂತ ಹೇಳುವ ಹಾಗೇ ಇಲ್ಲ, ಅಷ್ಟು ಕಡಿಮೆ. ಅವುಗಳ ಅಯಾನುಗಳು ಒಂದನ್ನೊಂದು ಹಿಡಿದುಕೊಂಡಿರುವ ಬಲವನ್ನು ನೀರಿನ ಸೆಳೆತ ಮೀರುವುದಿಲ್ಲ.

ನಾಲ್ಕನೇ ಪ್ರಯೋಗ: ವಿದ್ಯುತ್

ನಾಲ್ಕರಲ್ಲಿ ಇದೇ ಮುಖ್ಯ. ಸಮಯ ಕಡಿಮೆ ಇದ್ದರೆ ಉಳಿದದ್ದನ್ನು ಬೇಗ ಮುಗಿಸಿ, ಇದಕ್ಕೆ ಪುರುಸೊತ್ತು ಮಾಡಿಕೊಳ್ಳಿ.

ಸರ್ಕ್ಯೂಟ್ ಹೀಗೆ: ಬ್ಯಾಟರಿಯ ಧನ ತುದಿಯಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು. ಗಿಡ್ಡ ಕಾಲಿನಿಂದ ವೈರು ಮೊದಲ ಪೆನ್ಸಿಲಿನ ಮೇಲ್ತುದಿಯ ಸೀಸಕ್ಕೆ. ಎರಡನೇ ಪೆನ್ಸಿಲಿನ ಮೇಲ್ತುದಿಯಿಂದ ವೈರು ಬ್ಯಾಟರಿಯ ಋಣ ತುದಿಗೆ. ಪೆನ್ಸಿಲ್‌ಗಳನ್ನು ಒಂದು ರಟ್ಟಿನ ತುಂಡಿಗೆ ಚುಚ್ಚಿ, ತುದಿಗಳ ನಡುವೆ 1 ಸೆಂಟಿಮೀಟರ್ ಅಂತರ ಬರುವ ಹಾಗೆ ನಿಲ್ಲಿಸಿ. ಈ ಅಂತರ ಪೂರ್ತಿ ಪ್ರಯೋಗದಲ್ಲಿ ಬದಲಾಗಬಾರದು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 7 ವೋಲ್ಟಿಗೆ 470 ಓಮ್ ಅಂದರೆ ಹೆಚ್ಚೆಂದರೆ 15 ಮಿಲಿ ಆಂಪಿಯರ್. ಎಲ್‌ಇಡಿ ಸುಡುವುದಿಲ್ಲ.

ತಾಮ್ರದ ತಂತಿಯನ್ನೇ ನೇರ ಅದ್ದಬಹುದಲ್ವಾ ಅಂತ ಕೇಳಬಹುದು. ಬೇಡ. ಉಪ್ಪು ನೀರಿನಲ್ಲಿ ಧನ ತುದಿಯ ತಾಮ್ರ ಸವೆದು ದ್ರಾವಣಕ್ಕೆ ಸೇರುತ್ತದೆ. ಆಮೇಲೆ ಯಾವ ಅಯಾನು ಎಲ್ಲಿಂದ ಬಂತು ಅಂತ ತಿಳಿಯದು.

ಮೊದಲು ಎರಡು ಪೆನ್ಸಿಲ್ ತುದಿಗಳನ್ನು ಒಂದು ಕ್ಲಿಪ್ಪಿನಿಂದ ಜೋಡಿಸಿ. ಎಲ್‌ಇಡಿ ಬೆಳಗಬೇಕು. ಬೆಳಗದಿದ್ದರೆ ಅದರ ಕಾಲು ತಿರುಗಾಮುರುಗ ಆಗಿದೆ, ಇಲ್ಲವೇ ಪೆನ್ಸಿಲಿನ ಸೀಸ ಒಳಗೇ ಮುರಿದಿದೆ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ. ಬೆಳಗಬಾರದು. ಈ ಎರಡು ಪರೀಕ್ಷೆ ಬಿಟ್ಟು ಮುಂದೆ ಹೋದರೆ ಆಮೇಲೆ ಬರುವ ಯಾವ ಫಲಿತಾಂಶಕ್ಕೂ ಬೆಲೆ ಇಲ್ಲ. ಬೇಕಿದ್ದರೆ ನಲ್ಲಿ ನೀರಿನಲ್ಲೂ ಅದ್ದಿ ನೋಡಿ, ಮಂಕಾಗಿ ಬೆಳಗುವ ಸಾಧ್ಯತೆ ಇದೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಬೈಕಾರ್ಬೊನೇಟ್ ಅಯಾನುಗಳು ಮೊದಲೇ ಇರುತ್ತವೆ. ಆ ನೀರಲ್ಲಿ ಸಕ್ಕರೆ ಕರಗಿಸಿ 'ಸಕ್ಕರೆ ವಿದ್ಯುತ್ ಹರಿಸುತ್ತದೆ' ಅಂತ ಬರೆದುಕೊಂಡವರು ಇದ್ದಾರೆ.

ಈಗ ಘನ ಸ್ಥಿತಿ. ಒಣ ಉಪ್ಪಿನ ಗುಡ್ಡೆಗೆ ತುದಿಗಳನ್ನು ಒತ್ತಿ. ಬೆಳಕು ಇಲ್ಲ. ಮಂಕಾಗಿ ಬೆಳಗಿದರೆ ಉಪ್ಪು ತೇವ ಹೀರಿಕೊಂಡಿದೆ ಅಂತ. ಮುಚ್ಚಳದ ಮೇಲೆ ಬಿಸಿ ಮಾಡಿ, ಆರಿಸಿ, ಮತ್ತೆ ನೋಡಿ. ಅಯಾನುಗಳು ಇದ್ದೇ ಇವೆ, ಆದರೆ ತಮ್ಮ ಜಾಗದಲ್ಲಿ ಬಿಗಿಯಾಗಿವೆ. ಅಯಾನುಗಳು ಚಲಿಸದೆ ವಿದ್ಯುತ್ ಹೇಗೆ ಸಾಗಬೇಕು? ಸಕ್ಕರೆ, ಮೇಣ ಕೂಡ ಇಲ್ಲಿ ಬೆಳಗಿಸುವುದಿಲ್ಲ. ಘನ ಸ್ಥಿತಿಯಲ್ಲಿ ನಾಲ್ಕೂ ಒಂದೇ ಥರ.

ದ್ರಾವಣದಲ್ಲಿ ಗುಂಪು ಒಡೆಯುತ್ತದೆ. 50 ಮಿಲಿಲೀಟರ್ ಡಿಸ್ಟಿಲ್ಡ್ ವಾಟರಿಗೆ ತುದಿಗಳನ್ನು ಅದ್ದಿಟ್ಟುಕೊಂಡೇ ಉಪ್ಪನ್ನು ಹರಳು ಹರಳಾಗಿ ಹಾಕಿ, ಕಲಕಿ. ಮೊದಲು ಒಂದು ಕೆಂಪು ಚುಕ್ಕಿಯಷ್ಟು ಬೆಳಕು. ಇನ್ನಷ್ಟು ಹರಳು, ಇನ್ನಷ್ಟು ಬೆಳಕು. ಒಂದು ಹಂತದ ಮೇಲೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ರೆಸಿಸ್ಟರ್ ತಡೆಯುತ್ತದೆ. ಮಲ್ಟಿಮೀಟರ್ ಇದ್ದರೆ ಇದೇ ಸರ್ಕ್ಯೂಟಿನ ಸಾಲಿನಲ್ಲಿ, ಮಿಲಿ ಆಂಪಿಯರ್ ಅಳತೆಗೆ ತಿರುಗಿಸಿ ಸೇರಿಸಿ. ಬ್ಯಾಟರಿಗೆ ನೇರ ಹಿಡಿದರೆ ಅದರ ಫ್ಯೂಸ್ ಹೋಗುತ್ತದೆ.

ಬೆಳಗುವಾಗ ಪೆನ್ಸಿಲ್ ತುದಿಗಳನ್ನು ಹತ್ತಿರದಿಂದ ನೋಡಿ. ಋಣ ತುದಿಯಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ, ಅದು ಹೈಡ್ರೋಜನ್. ಧನ ತುದಿಯಲ್ಲಿ ಕ್ಲೋರಿನ್ ಹುಟ್ಟುತ್ತದೆ. ಈಜುಕೊಳದ ವಾಸನೆ ಬಂದರೆ ಅದೇ. ಕಿಟಕಿ ತೆಗೆದಿರಲಿ. ಅರ್ಧ ನಿಮಿಷಕ್ಕಿಂತ ಹೆಚ್ಚು ಅದ್ದಿಡಬೇಡಿ, ಮೂಗು ಹತ್ತಿರ ಒಯ್ಯಬೇಡಿ.

ತುದಿಗಳನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಒರೆಸಿ, ಸಕ್ಕರೆ ದ್ರಾವಣಕ್ಕೆ ಅದ್ದಿ. ಎಷ್ಟು ಚಮಚ ಸಕ್ಕರೆ ಸುರಿದರೂ ಎಲ್‌ಇಡಿ ಕತ್ತಲು. ಕರಗಿದ್ದು ಇಡೀ ಅಣುಗಳು. ಅವಕ್ಕೆ ಆವೇಶವೇ ಇಲ್ಲ. ಯೂರಿಯಾ ಕೂಡ ಹೀಗೇ. ಪೊಟ್ಯಾಸಿಯಂ ಕ್ಲೋರೈಡ್ ಮಾತ್ರ ಉಪ್ಪಿನ ಹಾಗೆ ಬೆಳಗಿಸುತ್ತದೆ. ಉಪ್ಪು ನೀರಿಗೆ ಬಿದ್ದ ಕೂಡಲೇ, ವಿದ್ಯುತ್ ಕೊಡುವ ಮೊದಲೇ, ಅಯಾನುಗಳಾಗಿ ಬೇರೆಯಾಗುತ್ತದೆ ಅನ್ನುವ ಮಾತನ್ನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಸ್ವಾಂಟೆ ಅರೇನಿಯಸ್ 1880ರ ದಶಕದಲ್ಲಿ ಹೇಳಿದಾಗ ಒಪ್ಪಿದವರು ಕಡಿಮೆ. 1884ರ ಅವರ ಪ್ರಬಂಧಕ್ಕೆ ವಿಶ್ವವಿದ್ಯಾಲಯ ಕೊಟ್ಟಿದ್ದು ಕೆಳಗಿನ ದರ್ಜೆ. 1903ರಲ್ಲಿ ನೊಬೆಲ್ ಬಂತು.

ಬಿಸಿಗೆ ಕರಗಿದ ಸ್ಥಿತಿ ಉಳಿಯಿತು. ಬಿಸಿನೀರಿನಲ್ಲಿ ಕರಗಿಸಿದ ಮೇಣಕ್ಕೆ ತುದಿ ಅದ್ದಿ ನೋಡಬಹುದು, ಬೆಳಗುವುದಿಲ್ಲ. ಉಪ್ಪನ್ನು 801 ಡಿಗ್ರಿಗೆ ಕರಗಿಸುವುದು ಮಾತ್ರ ಮನೆಯಲ್ಲೂ ಶಾಲೆಯಲ್ಲೂ ಆಗದ ಕೆಲಸ. ಇಲ್ಲಿ ಇತಿಹಾಸವನ್ನೇ ಸಾಕ್ಷಿಗೆ ಕರೆಯೋಣ. 1807ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಕರಗಿದ ಕಾಸ್ಟಿಕ್ ಸೋಡಾಕ್ಕೆ (ಸೋಡಿಯಂ ಹೈಡ್ರಾಕ್ಸೈಡ್, ಇದೂ ಅಯಾನಿಕವೇ) ವಿದ್ಯುತ್ ಹಾಯಿಸಿ ಸೋಡಿಯಂ ಲೋಹ ಬೇರ್ಪಡಿಸಿದರು. ಕಾರ್ಖಾನೆಗಳಲ್ಲಿ ಉಪ್ಪಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ, ಸುಮಾರು 600 ಡಿಗ್ರಿಯಲ್ಲೇ ಕರಗಿಸಿ, ಅದೇ ರೀತಿ ಸೋಡಿಯಂ ತೆಗೆಯುತ್ತಾರೆ. ಕರಗಿದ ಉಪ್ಪು ವಿದ್ಯುತ್ ಹರಿಸದಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಬರೆದಿದ್ದನ್ನು ಓದುವುದು

ಪುಸ್ತಕದಲ್ಲಿ ವಸ್ತುಗಳನ್ನು ಅಡ್ಡಸಾಲಿಗೆ, ಪರೀಕ್ಷೆಗಳನ್ನು ಕಂಬಕ್ಕೆ ಹಾಕಿ ತುಂಬಿ. 'ಹೌದು, ಇಲ್ಲ' ಅಂತ ಮಾತ್ರ ಬರೆಯಬೇಡಿ. 'ಮಂಕು ಬೆಳಕು', 'ಅಂಚು ಮೆತ್ತಗಾಯಿತು' ಅಂತ ಕಂಡಿದ್ದನ್ನು ಬರೆಯಿರಿ. ಉಪ್ಪು ಮತ್ತು ಪೊಟ್ಯಾಸಿಯಂ ಕ್ಲೋರೈಡಿನ ಸಾಲು ಒಂದೇ ಥರ ಬರುತ್ತದೆ: ಬಿಸಿಗೆ ಜಗ್ಗುವುದಿಲ್ಲ, ಒಣಗಿದ್ದಾಗ ಬೆಳಕಿಲ್ಲ, ನೀರಲ್ಲಿ ಬೆಳಕಿದೆ. ಒಣಗಿದ್ದಾಗ ಬೆಳಕಿಲ್ಲ ಅನ್ನುವುದು ಬಿಟ್ಟರೆ ಮೇಣ ಪೂರ್ತಿ ಎದುರು ದಿಕ್ಕು. ಸಕ್ಕರೆಯನ್ನು ಉಪ್ಪಿನಿಂದ ಬೇರೆ ಮಾಡುವುದು ಬಿಸಿ ಮತ್ತು ದ್ರಾವಣದ ವಿದ್ಯುತ್, ಎರಡೇ.

ಈ ನಾಲ್ಕು ಪರೀಕ್ಷೆಗೂ ಜಗ್ಗದ ಜೋಡಿಗಳಿವೆ. ಮರಳಿನ ಸಿಲಿಕಾ ಸಹವೇಲೆನ್ಸೀಯ, ಕ್ಯಾಲ್ಸಿಯಂ ಕಾರ್ಬೊನೇಟ್ ಅಯಾನಿಕ. ಎರಡೂ ನೀರಲ್ಲಿ ಕರಗುವುದಿಲ್ಲ, ಬೆಳಗಿಸುವುದಿಲ್ಲ, ನಿಮ್ಮ ಉರಿಗೆ ಕರಗುವುದಿಲ್ಲ. ಸಿಲಿಕಾದಲ್ಲಿ ಸಹವೇಲೆನ್ಸೀಯ ಬಂಧದ ಜಾಲ ಹರಳಿನ ಉದ್ದಗಲಕ್ಕೂ ಹಬ್ಬಿದೆ. ಅಲ್ಲಿ ಕರಗಿಸಬೇಕು ಅಂದರೆ ಬಂಧವನ್ನೇ ಮುರಿಯಬೇಕು. ಇವೆರಡನ್ನು ಬೇರೆ ಮಾಡಲು ವಿನೆಗರ್ ಹನಿಸಿ. ಗುಳ್ಳೆ ಬಂದರೆ ಕಾರ್ಬೊನೇಟ್.

ಈಗ ಸಿಟ್ರಿಕ್ ಆಮ್ಲ. ಯಾರಾದರೂ ಅದನ್ನು ಹೆಸರು ಬರೆಯದ ಡಬ್ಬಿಯಲ್ಲಿ ಕೊಡಲಿ. ಬಿಳಿ ಹರಳು, ಒತ್ತಿದರೆ ಒಡೆಯುತ್ತದೆ. ನೀರಲ್ಲಿ ಸಲೀಸಾಗಿ ಕರಗುತ್ತದೆ, ತೈಲದಲ್ಲಿ ಇಲ್ಲ. ಒಣಗಿದ್ದಾಗ ಎಲ್‌ಇಡಿ ಕತ್ತಲು, ದ್ರಾವಣದಲ್ಲಿ ಬೆಳಕು! ಇಷ್ಟಕ್ಕೇ ನಿಲ್ಲಿಸಿದರೆ ಅಯಾನಿಕ ಅಂತಲೇ ಬರೆದುಬಿಡುತ್ತೀರಿ. ಅದೇ ಪುಡಿಯನ್ನು ಸಕ್ಕರೆಯ ಜೊತೆ ಮುಚ್ಚಳದ ಮೇಲೆ ಇಟ್ಟು ಕಾಯಿಸಿ. 153 ಡಿಗ್ರಿಯಲ್ಲಿ, ಸಕ್ಕರೆಗೂ ಮೊದಲೇ, ಅದು ತಿಳಿ ದ್ರವವಾಗಿ ಹರಡುತ್ತದೆ. ಅಣುಗಳಿಂದಾದ ವಸ್ತು. ನೀರಿಗೆ ಬಿದ್ದ ಮೇಲೆ ಅದರ ಕೆಲವು ಅಣುಗಳು ಹೈಡ್ರೋಜನ್ ಅಯಾನನ್ನು ನೀರಿಗೆ ಕೊಡುತ್ತವೆ. ಎಲ್‌ಇಡಿ ಬೆಳಗಿಸಿದ್ದು ಹಾಗೆ ಅಲ್ಲೇ ಹುಟ್ಟಿದ ಅಯಾನುಗಳು, ಹರಳಿನಲ್ಲಿ ಮೊದಲೇ ಇದ್ದವಲ್ಲ.